ಮುಖ ತೊಳೆಸಿಕೊಂಡ ಚಿರತೆ

ಮೇಡಂ ಅವರ ಎಡಗಣ್ಣಿನ ಪಕ್ಕದಲ್ಲಿ ಮಾತ್ರ ಸುಕ್ಕುಗಳಿದ್ದವು. ವರ್ಷಗಟ್ಟಲೆ ಆ ಕಣ್ಣನ್ನು ಬಿಗಿಯಾಗಿ ಮುಚ್ಚಿ, ಬಲಗಣ್ಣಿನಿಂದ ಕ್ಯಾಮೆರಾದೊಳಗೆ ನೋಡಿದ್ದರ ಗುರುತು ಅದು. ಅಥವಾ ಸುಕ್ಕಿದ್ದುದು ಬಲಗಡೆಯೋ? ನನ್ನ ಬಳಿ ಅವರದೊಂದು ಫೋಟೋ ಕೂಡ ಇಲ್ಲ. ಕೆಲವು ವಿವರಗಳು ತಪ್ಪಿರಬಹುದು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಸಿಟ್ಟು ನೆನಪನ್ನು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ ಎಂಬುದೂ ಗೊತ್ತಿದೆ.

ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಅವರು ನನಗೆ ಪ್ರಾಣಿಶಾಸ್ತ್ರ ಕಲಿಸಿದವರು. ನಿವೃತ್ತರಾದ ಮೇಲೆ ಸಂಜೆಯಾದರೆ ಸ್ಕೂಟರ್ ಹತ್ತಿ ಮಧುರೆ ಕಡೆಯ ಬಂಡೆಗುಡ್ಡಕ್ಕೆ ಹೊರಡುತ್ತಿದ್ದರು. ಭಾನುವಾರವಾದರೆ ಹಿಂದೆ ನಾನು. ಕ್ಯಾಮೆರಾ ಸ್ಟ್ಯಾಂಡ್ ಹೊರುವುದೆಂದರೆ ಅವರಿಗಾಗದು. ಹಳೆಯ ಲಂಗದ ಬಟ್ಟೆಯಲ್ಲಿ ಹೊಲಿದು ರಾಗಿ ತುಂಬಿದ ದಿಂಬೊಂದಿತ್ತು. ಅದನ್ನು ಕಲ್ಲಿನ ಮೇಲಿಟ್ಟು, ಲೆನ್ಸನ್ನು ಅದರಲ್ಲಿ ಹುದುಗಿಸಿ, ಬೋರಲು ಮಲಗಿಬಿಡುತ್ತಿದ್ದರು. ಇರುವೆ ಕಚ್ಚಿದರೂ ಅಲ್ಲಾಡುತ್ತಿರಲಿಲ್ಲ. ಆಮೇಲೆ ಇರುವೆಗೂ ನನಗೂ ಸೇರಿಸಿಯೇ ಬೈಗುಳ.

ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರದ ಮೇಲೆಲ್ಲ ಬಣ್ಣಬಣ್ಣದ ಚುಕ್ಕೆ ಉದುರಿಸಿದ ಹಾಗೆ ಕಾಣುತ್ತದಲ್ಲ, ಎಲ್ಲರೂ ನಾಯ್ಸ್ ಎನ್ನುವ ಅದನ್ನು ಅವರು ರವೆ ಎನ್ನುತ್ತಿದ್ದರು. ಒಮ್ಮೆ ನಾನು ರವೆಗೆ ಹೆದರಿ, ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕು ಹೀರುವ ಚುರುಕನ್ನು, ಇಳಿಸಿ ಗೂಬೆಯೊಂದನ್ನು ತೆಗೆದೆ. ಬಂದದ್ದು ಹೊಗೆಯಂಥ ಒಂದು ಕಲೆ.

“ಇದೇನೇ, ಗೂಬೆನೋ ಮಡಕೆನೋ? ಐಎಸ್‌ಒ ಏರ್ಸು. ರವೆ ಬಿದ್ರೆ ಬೀಳ್ಲಿ. ಶಟರ್ ನಿಧಾನ ಆಯ್ತೋ, ಗೂಬೆ ಅಲ್ಲಾಡ್ಬಿಡುತ್ತೆ. ರವೆ ಒಳಗೆ ಗೂಬೆ ಇರುತ್ತೆ ಕಣೆ.”

“ಆಮೇಲೆ ಸಾಫ್ಟ್‌ವೇರಲ್ಲಿ ತೆಗೀಬಹುದಲ್ಲ ಮೇಡಂ?”

“ಒಂಚೂರು ತೆಗಿ. ಜಾಸ್ತಿ ಉಜ್ಜಿದ್ರೆ ಇರೋ ಕೂದ್ಲು ಹೋಗುತ್ತೆ. ಇಲ್ದಿರೋ ಕೂದ್ಲು ಬರುತ್ತೆ, ಅದು ಇನ್ನೂ ಕೆಟ್ಟದ್ದು.”

ಆ ಗುಡ್ಡವನ್ನು ಕಲ್ಲುಗಣಿಗೆ ಕೊಡುವ ಮಾತು ಬಂತು. ಅಲ್ಲಿ ಬೀದಿನಾಯಿ ಬಿಟ್ಟರೆ ಬೇರೆ ಪ್ರಾಣಿಯೇ ಇಲ್ಲವೆಂದು ಗಣಿ ಕೇಳಿದವರು ಬರೆದುಕೊಟ್ಟಿದ್ದರು. ಊರವರ ಅಹವಾಲು ಕೇಳುವ ಸಭೆಯ ಹಿಂದಿನ ದಿನ, ಹೊತ್ತು ಮುಳುಗುವಾಗ, ಚಿರತೆಯೊಂದು ಎರಡು ಮರಿಗಳೊಂದಿಗೆ ಹೊರಗೆ ಬಂತು. ನಾನೂ ಇದ್ದೆ. ಮೇಡಂ ತೆಗೆದ ಚಿತ್ರದ ತುಂಬ ರವೆ. ಆದರೆ ಮೂರೂ ತಲೆಗಳು ಸ್ಪಷ್ಟ. ಹಿಂದೆ, ಆ ಊರಿನ ಯಾರಾದರೂ ಗುರುತಿಸಬಲ್ಲ ಸೀಳುಬಂಡೆ. ಮೇಡಂ ನನ್ನ ಬೆನ್ನಿಗೆ ಗುದ್ದಿ ನಕ್ಕರು.

ಅಲ್ಲಿಂದ ನೇರ ನನ್ನ ಚಿಕ್ಕಪ್ಪನ ಫ್ಲೆಕ್ಸ್ ಅಂಗಡಿಗೆ ಹೋದೆವು. ಅವರೂ ಮೇಡಂ ಅವರ ಹಳೆಯ ವಿದ್ಯಾರ್ಥಿಯೇ. ಮೇಡಂ ಕ್ಯಾಮೆರಾದ ಕಾರ್ಡನ್ನೇ ಕೊಟ್ಟು, “ಇದ್ದ ಹಾಗೇ ಪ್ರಿಂಟ್ ಹಾಕು, ಏನೂ ಮುಟ್ಬೇಡ” ಎಂದರು. ಹೀಗೆಂದರೆಂದೇ ನನ್ನ ನೆನಪು. ಅಂಥ ಮಾತೇ ಆಗಲಿಲ್ಲ ಎನ್ನುತ್ತಾರೆ ಚಿಕ್ಕಪ್ಪ.

ಬೆಳಿಗ್ಗೆ ಶಾಮಿಯಾನದ ಕೆಳಗೆ ಚಿಕ್ಕಪ್ಪ ತಂದ ಫ್ಲೆಕ್ಸ್ ಬಿಚ್ಚಿದರೆ ಚಿರತೆ ಫಳಫಳ ಹೊಳೆಯುತ್ತಿತ್ತು, ಹುಟ್ಟುಹಬ್ಬದ ಬ್ಯಾನರಿನ ಪುಢಾರಿಯ ಹಾಗೆ. ಮೀಸೆ ತಂತಿಯಷ್ಟು ದಪ್ಪ. ಒಂದು ಮರಿ ಕಲ್ಲಿನೊಳಗೆ ಕರಗಿಹೋಗಿತ್ತು. ಬಂಡೆಯ ಸೀಳೇ ಇರಲಿಲ್ಲ.

“ಏನ್ ಮೇಡಂ, ನಿಮ್ ಚಿರತೆ ಯಾವ ಬ್ಯೂಟಿ ಪಾರ್ಲರ್‌ಗೆ ಹೋಗಿತ್ತು?” ಎಂದ ಗಣಿ ಕಡೆಯವನೊಬ್ಬ. ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನಕ್ಕವರಲ್ಲಿ ಮೇಡಂ ಕೈಯಲ್ಲಿ ಓದಿದವರು ಎಷ್ಟೋ ಮಂದಿ.

“ಕಂಪ್ಯೂಟರಲ್ಲಿ ಮಾಡಿದ್ದನ್ನ ದಾಖಲೆ ಅಂತ ತಗೊಳ್ಳೋಕಾಗಲ್ಲಮ್ಮ. ಒರಿಜಿನಲ್ ಇದ್ಯಾ?” ಎಂದರು ಅಧಿಕಾರಿ. ಮೇಡಂ ಚಿಕ್ಕಪ್ಪನ ಕಡೆ ಕೈ ಚಾಚಿದರು. ಅವರು ಕೊಟ್ಟ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿದರು. ಖಾಲಿ.

ಆಮೇಲೆ ನಾನು ಜಗಳಕ್ಕೆ ಹೋದಾಗ ಚಿಕ್ಕಪ್ಪ ಅಂದದ್ದು: “ಊರಿನ ಲೀಡರ್‌ಗಳಿಗೆಲ್ಲ ಮುಖ ಕ್ಲೀನ್ ಮಾಡ್ಕೊಡ್ತೀನಿ, ಮೇಡಂ ಚಿರತೆಗೆ ಮಾಡ್ಬಾರ್ದಾ? ನೀಟಾಗಿರ್ಲಿ ಅಂತ ಮಾಡ್ದೆ ಕಣಮ್ಮ. ಕಂಪ್ಯೂಟರಲ್ಲಿ ಕ್ಲೀನ್ ಆಗಿರೋದನ್ನಷ್ಟೇ ಉಳಿಸ್ಕೊಂಡೆ. ಕೆಲ್ಸ ಆದ್ಮೇಲೆ ಕಾರ್ಡ್ ಖಾಲಿ ಮಾಡಿ ಕೊಡೋದು ನಮ್ ಅಂಗಡಿ ಪದ್ಧತಿ.”

ನಂಬಿದೆ. ಪ್ರತಿ ಮುಖಕ್ಕೂ ಸುಣ್ಣ ಹೊಡೆಯುವುದೇ ಕಸುಬಾದವರು ಇಂಥ ತಪ್ಪು ಮಾಡುವುದು ಸಹಜವೇ. ಅಳಿಸಿದ ಚಿತ್ರ ಮರಳಿ ಸಿಗುತ್ತದೆಂದು ಕಾರ್ಡನ್ನು ಬೆಂಗಳೂರಿನ ಕಂಪ್ಯೂಟರ್ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯ ಹುಡುಗಿ ನೋಡಿ, “ಸಿಗಲ್ಲ ಅಕ್ಕ. ಬರೀ ಅಳಿಸಿದ್ರೆ ಸಿಗ್ತಿತ್ತು. ಕಾರ್ಡ್ ತುಂಬ ಬೇರೇನೋ ತುಂಬ್ಸಿ, ಅದನ್ನೂ ಅಳಿಸಿದ್ದಾರೆ” ಎಂದಳು.

ಇದನ್ನು ಹೇಳಿದಾಗ ಮೇಡಂ ಕಾರ್ಡನ್ನು ಕೈಗೆ ತೆಗೆದುಕೊಂಡರು. ಇರುವೆಯನ್ನೂ ಬಿಡದೆ ಬೈಯುತ್ತಿದ್ದವರು ಚಿಕ್ಕಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅದಕ್ಕೆ ಅವರ ಮೇಲೂ ನನಗೆ ಸಿಟ್ಟಿದೆ. ಗುಡ್ಡಕ್ಕೆ ಗಣಿಯವರ ಬೇಲಿ ಬೀಳುವವರೆಗೂ ಸಂಜೆ ಹೋಗುತ್ತಲೇ ಇದ್ದರು. ಚಿರತೆ ಮತ್ತೆ ಕಾಣಲಿಲ್ಲ. ಮೊದಲ ಸಿಡಿಮದ್ದು ಸಿಡಿದ ವರ್ಷವೇ ಜ್ವರವೊಂದು ಅವರನ್ನು ಕರೆದೊಯ್ದಿತು.

ಚಿಕ್ಕಪ್ಪ ಬೇಕೆಂದೇ ಮಾಡಿದರೆಂದು ನಾನು ಸಾಧಿಸಲಾರೆ. ಕಳೆದ ತಿಂಗಳು ಮನೆಗೆ ಊಟಕ್ಕೆ ಬಂದಿದ್ದರು. ಎದುರು ಕೂತು ಕೇಳಿಯೇಬಿಟ್ಟೆ. ಅವರು ಅಮ್ಮನ ಕಡೆ ತಿರುಗಿ, “ಅತ್ತಿಗೆ, ಇನ್ನೊಂಚೂರು ಸಾರು” ಎಂದರು. ನಾನು ಕೇಳಿದ್ದು ಇಷ್ಟೇ:

“ಕಾರ್ಡ್ ಖಾಲಿ ಮಾಡೋದು ಪದ್ಧತಿ, ಸರಿ. ತುಂಬ್ಸಿ ಅಳಿಸಿದ್ದು ಯಾಕೆ ಚಿಕ್ಕಪ್ಪ?”