ಮೊಲ ಉಂಡ ಲೆಕ್ಕ

ಕನ್ನಡ ನಾಡು ಒಂದಾದ ಮೇಲೆ ಬಂದ ಮೊದಲ ಹತ್ತಿ ಸುಗ್ಗಿ. ಹಮ್ಮಿಗಿಯಿಂದ ಹತ್ತಿ ಹೇರಿಕೊಂಡು ಗದಗಿಗೆ ಹೋಗಿದ್ದ ಅಪ್ಪ ನಾಲ್ಕನೆಯ ದಿನ ಸಂಜೆ ತಿರುಗಿ ಬಂದ. ಚಕ್ಕಡಿಯಲ್ಲಿ ಎತ್ತುಗಳಿಗೆಂದು ತಂದ ಒಂದು ಚೀಲ ಹತ್ತಿಕಾಳು, ಅದರ ಪಕ್ಕಕ್ಕೆ ಒಂದು ಬುಟ್ಟಿ. ಬುಟ್ಟಿಯಲ್ಲಿ ಬಿಳಿ ಮೊಲದ ಮರಿ.

“ಬೆಲ್ಲಾ ತರ್ರಿ ಅಂದ್ರ ಮೊಲಾ ತಂದ್ರೇನ್ರಿ?” ಎಂದಳು ಅವ್ವ.

“ಏನ್ ಮಾಡ್ಲಿ, ಪ್ಯಾಟ್ಯಾಗ ನನ್ನ ಮಾರಿನ ನೋಡಾಕ್ಹತ್ತಿತ್ತು. ಸಣ್ಣಾಕಿ ಆಡ್ಲಿ ಅಂತ ತಂದೆ.”

ಸಣ್ಣಾಕಿ ಎಂದರೆ ಐದು ವರ್ಷದ ನನ್ನ ತಂಗಿ. ಆಗಲೇ ಅದನ್ನು ಎದೆಗೆ ಅವಚಿಕೊಂಡು ಕುಳಿತಿದ್ದಳು.

“ಏನ್ ತಿಂತೈತಿ ಅಂತ ಕೇಳ್ಕೊಂಡ್ ಬಂದೀ ಏನಲೇ?” ಎಂದಳು ಆಯಿ, ಅಪ್ಪನ ತಾಯಿ.

ಅಪ್ಪ ಕೇಳಿರಲಿಲ್ಲ.

ಎಮ್ಮೆ ಎಷ್ಟು ಹಾಲು ಕೊಟ್ಟಿತು, ಮಳೆ ಯಾವ ದಿನ ಬಂತು ಎಂದು ಒಂದು ವಹಿಯಲ್ಲಿ ಬರೆದಿಡುವ ಚಟ ನನಗೆ ಮೊದಲಿಂದಲೂ ಇತ್ತು. ಆ ವಹಿಯಲ್ಲಿ ಮೊಲಕ್ಕೂ ಒಂದು ಪುಟ ಕೊಟ್ಟೆ. ಉಂಡರೆ ಗೀಟು, ಬಿಟ್ಟರೆ ಸೊನ್ನೆ. ಮೊದಲ ಎರಡು ದಿನ ತಂಗಿ ಹೊಳೆದಂಡೆಯಿಂದ ಗರಿಕೆ ಕಿತ್ತು ತಂದು ಹಾಕಿದಳು. ಎರಡೂ ದಿನ ಗೀಟು. ಮೂರನೆಯ ದಿನ ಅಪ್ಪ, “ಬರೇ ಹುಲ್ಲು ತಿಂದು ಏನ್ ಬೆಳದೀತು? ನಮ್ಮ ಎತ್ತು ಹೆಂಗ ಮಿಂಚ್ತಾವ ನೋಡ್ರಿ, ಹತ್ತಿಕಾಳು ಹಾಕ್ರಿ” ಎಂದು ಎತ್ತುಗಳ ಪಾಲಿನಿಂದಲೇ ಒಂದು ಬೊಗಸೆ ನೆನೆಸಿಕೊಟ್ಟ. ಅಂದಿನಿಂದ ಗರಿಕೆ ನಿಂತಿತು, ದಿನವೂ ಹತ್ತಿಕಾಳೇ. ನಮ್ಮ ಕಡೆ ದನಗಳಿಗೆ ಹತ್ತಿಕಾಳಿಗಿಂತ ದೊಡ್ಡ ಉಪಚಾರವಿಲ್ಲ.

ಆರನೆಯ ದಿನ ಮೊಲ ಕಿವಿ ಜೋತುಬಿಟ್ಟು ಮೂಲೆ ಹಿಡಿಯಿತು. ತಂಗಿ ತಟ್ಟೆ ಸರಿಸಿದಳು. “ಅದು ಉಣ್ಣೂತನಕಾ ನಾನೂ ಉಣ್ಣಂಗಿಲ್ಲ.”

ವಹಿ ತೆರೆದೆ. ಗೀಟು, ಗೀಟು, ಮೂರನೆಯ ದಿನ ಅರ್ಧ ಗೀಟು, ಆಮೇಲೆ ಬರೀ ಸೊನ್ನೆ. ಅಪ್ಪನ ಮುಂದೆ ಹಿಡಿದೆ.

“ಇದು ನನ್ನ ತಪ್ಪಂತ ಬರದೀ ಏನವ್ವಾ?”

“ಇಲ್ಲಪ್ಪಾ, ಏನ್ ಹಾಕಿದ್ವಿ, ಏನ್ ತಿಂತು, ಅಷ್ಟ ಬರದೀನಿ.”

ಅಪ್ಪ ಬೆರಳಿಟ್ಟು ಸೊನ್ನೆಗಳನ್ನು ಎಣಿಸಿದ. ಹೆಗಲ ಮೇಲಿನ ವಲ್ಲಿ ಎಳೆದುಕೊಂಡು ಹೊಳೆಯ ಕಡೆ ನಡೆದ. ವಲ್ಲಿಯ ತುಂಬ ಗರಿಕೆ ತಂದು ಮೊಲದ ಮುಂದೆ ಸುರುವಿದ.

“ಇದೇನು ಮೊಲಕ್ಕೋ, ಎತ್ತಿಗೋ?” ಎಂದಳು ಆಯಿ.

ಅಂದು ಮೊಲ ಮೂಸಲೂ ಇಲ್ಲ. ಮರುದಿನ ಬೆಳಿಗ್ಗೆ ಮೂತಿಯ ಬಳಿ ನಾನು ಏಳು ಎಳೆ ಎಣಿಸಿ ಇಟ್ಟೆ. ಹಾಲು ಹಿಂಡಿಕೊಂಡು ಅವ್ವ ಒಳಗೆ ಬರುವಷ್ಟರಲ್ಲಿ ನಾಲ್ಕೇ ಉಳಿದಿದ್ದವು.

“ಯವ್ವಾ, ರೊಟ್ಟಿ!” ಎಂದು ತಂಗಿ ಅಡುಗೆಮನೆಗೆ ಓಡಿದಳು. ಅಪ್ಪನೂ ಅವಳ ಪಕ್ಕ ಬಂದು ಕುಳಿತ. ರಾತ್ರಿ ಅವನೂ ಉಂಡಿರಲಿಲ್ಲವೆಂದು ಅವ್ವ ಆಗ ಹೇಳಿದಳು.

ವಹಿಯಲ್ಲಿ ಬರೆದೆ: ಏಳನೆಯ ದಿನ. ಮೊಲ, ಮೂರು ಎಳೆ. ತಂಗಿ, ಒಂದು ರೊಟ್ಟಿ. ಅಪ್ಪ, ನಾಲ್ಕು.