ಇಸ್ತ್ರಿ ಅಕ್ಕನ ಚೀಟಿ

ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಇಸ್ತ್ರಿ ಮಾಡಿದವಳನ್ನು ನಾವೆಲ್ಲ ಇಸ್ತ್ರಿ ಅಕ್ಕ ಎನ್ನುತ್ತಿದ್ದೆವು. ಎಡಗೈಯ ಮೇಲೆ ಸಾಲಾಗಿ ಸುಟ್ಟ ಕಲೆಗಳು, ಕೊರಳಲ್ಲಿ ಸಣ್ಣ ಶಿಲುಬೆ, ಬಾಯಲ್ಲಿ ಸದಾ ಒಂದು ಲವಂಗ. ಅವಳಷ್ಟು ಒಳ್ಳೆಯವಳನ್ನು ನಾನು ಕಂಡಿಲ್ಲ. ಅವಳ ಮೇಲೆ ಇರುವಷ್ಟು ಸಿಟ್ಟೂ ನನಗೆ ಬೇರೆ ಯಾರ ಮೇಲೂ ಇಲ್ಲ.

ಡಾಕ್ಟರ ಕೋಟು ಸುಟ್ಟುಹೋದರೆ ನಾವು ಉಳಿದವರು ಏನು ಮಾಡುತ್ತಿದ್ದೆವು? ಕಲೆ ಒಳಗೆ ಬರುವಂತೆ ಮಡಚಿ, ರಾಶಿಯ ತಳಕ್ಕೆ ತಳ್ಳಿ, ಏನೂ ಅರಿಯದವರಂತೆ ಟೀ ಕುಡಿಯುತ್ತಿದ್ದೆವು. ಅಕ್ಕ ಮಾತ್ರ ಬಾಯಲ್ಲಿ ಹೇಳಿಕೊಳ್ಳುತ್ತಾ ಚೀಟಿ ಬರೆದು ಸುಟ್ಟ ಜಾಗಕ್ಕೇ ಪಿನ್ನು ಚುಚ್ಚುತ್ತಿದ್ದಳು: ‘ಸುಟ್ಟವಳು ನಾನು. ತಪ್ಪಾಯಿತು. ಇಸ್ತ್ರಿ ಮೇಜು.’ ಡಾಕ್ಟರುಗಳು ಬಂದು ಬೈದು ಹೋಗುತ್ತಿದ್ದರು. ಅವಳು ಮುಂದಿನ ಕೋಟು ಎಳೆದುಕೊಳ್ಳುತ್ತಿದ್ದಳು.

“ಸುಮ್ನೆ ಬೈಸ್ಕೊಳ್ಳೋ ಚಟ ಯಾಕಕ್ಕಾ ನಿಂಗೆ?” ಎಂದು ಒಮ್ಮೆ ಕೇಳಿದೆ.

“ಯೇಸಪ್ಪ ನೋಡ್ತಾ ಇರ್ತಾನಲ್ಲೇ. ಅವನ ಮುಂದೆ ಮಡಚಿಟ್ರೆ ಮುಚ್ಚಿಹೋಗುತ್ತಾ?”

ಅವಳು ಮಾಡಿದ ಉಪದೇಶ ಅಷ್ಟೇ. ಆದರೂ ಮುಂದಿನ ಸಲ ನನ್ನ ಕೈಯಲ್ಲಿ ಹೊದಿಕೆ ಹರಿದಾಗ ನಾನೇ ಹೋಗಿ ಸೂಪರ್‌ವೈಸರಿಗೆ ಹೇಳಿದೆ. ಬೈಗುಳ ತಿಂದು ಬಂದರೂ ಎದೆ ಹಗುರಾಗಿತ್ತು. ಅಂದಿನಿಂದ ಅವಳ ಸ್ವಾಮಿಗೆ ಮನಸ್ಸಿನಲ್ಲೇ ಕೈಮುಗಿಯತೊಡಗಿದೆ.

ಆ ಧೈರ್ಯದಲ್ಲೇ ನನ್ನ ಗುಟ್ಟನ್ನೂ ಅವಳಿಗೆ ಹೇಳಿದೆ. ನನಗೆ ಓದಲು ಬರುತ್ತಿರಲಿಲ್ಲ. ನನ್ನದು ವಿಂಗಡಿಸುವ ಮೇಜು. ಯಾವ ಗಂಟು ಯಾವ ವಾರ್ಡಿಗೆ ಎಂದು ಪಟ್ಟಿ ನೋಡಿ ಕಳಿಸಬೇಕು. ಪದಗಳ ಆಕಾರವನ್ನಷ್ಟೇ ಗುರುತಿಟ್ಟುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಒಂದೂ ತಪ್ಪಿಲ್ಲದೆ ಒಂಬತ್ತು ವರ್ಷ ದೂಡಿದ್ದೆ. ಗೊತ್ತಾದರೆ ಮೇಜು ಹೋಗುತ್ತಿತ್ತು. ರಕ್ತದ ಬಟ್ಟೆ ನೆನೆಸುವ ತೊಟ್ಟಿಯೇ ಗತಿಯಾಗುತ್ತಿತ್ತು.

ಅಕ್ಕ ನಗಲಿಲ್ಲ. ಊಟದ ಹೊತ್ತಿನಲ್ಲಿ ಸೀಮೆಸುಣ್ಣ ಹಿಡಿದು ಮೇಜಿನ ಮೇಲೆ ಅಕ್ಷರ ತಿದ್ದಿಸಿದಳು. ನಾನು ‘ಣ’ ಬರೆದರೆ, “ಇದೇನೇ, ಹೊಟ್ಟೆನೋವು ಬಂದೋರ ಥರ ಮುದುಡ್ಕೊಂಡಿದೆ!” ಎನ್ನುತ್ತಿದ್ದಳು. ಆರು ತಿಂಗಳಲ್ಲಿ ಕೂಡಿಸಿ ಕೂಡಿಸಿ ಓದುವ ಮಟ್ಟಕ್ಕೆ ಬಂದೆ.

ಒಂದು ಸೋಮವಾರ ಸೂಪರ್‌ವೈಸರ್ ಹೊಸ ಪಟ್ಟಿಯೊಂದನ್ನು ನನ್ನ ಕೈಗಿತ್ತ.

“ಜೋರಾಗಿ ಓದಮ್ಮ.”

ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು. ಕಲಿತ ಅಕ್ಷರಗಳೂ ಆ ಹೊತ್ತಿಗೆ ಕೈಕೊಟ್ಟವು.

“ನಮ್ಮನೆಯವಳು ಹೇಳ್ದಾಗ ನಾನು ನಂಬಿರ್ಲಿಲ್ಲ,” ಎಂದ. “ನೆನ್ನೆ ಚರ್ಚಲ್ಲಿ ನಿನಗೋಸ್ಕರ ಎಲ್ರೂ ಪ್ರಾರ್ಥನೆ ಮಾಡಿದ್ರಂತೆ, ಓದೋಕೆ ಬರ್ಲಿ ಅಂತ.”

ಅಂದೇ ನನ್ನನ್ನು ತೊಟ್ಟಿಗೆ ಹಾಕಿದ. ನಾನು ನೇರವಾಗಿ ಇಸ್ತ್ರಿ ಮೇಜಿಗೆ ಹೋದೆ. ಅಕ್ಕನ ಮುಖ ಬಿಳಿಚಿಕೊಂಡಿತ್ತು.

“ನೀನು ಬೇಗ ಕಲೀಲಿ ಅಂತ ಪ್ರಾರ್ಥನೆಗೆ ಹೇಳ್ದೆ ಕಣೇ. ಚಾಡಿ ಹೇಳ್ಲಿಲ್ಲ.”

“ನಿನ್ನ ದೇವರಿಗೆ ಕಿವಿ ಕೇಳುತ್ತಲ್ಲ? ಮೆತ್ತಗೆ ಹೇಳಬಹುದಿತ್ತು! ಸೂಪರ್‌ವೈಸರ್ ಹೆಂಡ್ತಿ ಮುಂದೆ ನನ್ನ ಹೆಸರು ಹಿಡಿದು ಹೇಳಬೇಕಿತ್ತಾ?”

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾಲ್ಕು ಬೈದು ಮರೆತುಬಿಡುತ್ತಿದ್ದೆ. ಇವಳು ನಂಬಿಸಿ ಕತ್ತು ಕೊಯ್ದಳು. ಒಳ್ಳೆಯತನದಿಂದಲೇ ನಂಬಿಸಿ, ಒಳ್ಳೆಯ ಮನಸ್ಸಿನಿಂದಲೇ ಕೊಯ್ದಳು. ಹಾಗಾಗಿ ಬಾಯ್ತುಂಬ ಬೈಯುವುದಕ್ಕೂ ನನಗೆ ದಾರಿಯಿರಲಿಲ್ಲ.

ಮರುದಿನ ಬೆಳಿಗ್ಗೆ ಮೊಳೆಗೆ ತೂಗುಹಾಕಿದ್ದ ನನ್ನ ಏಪ್ರನ್ನಿಗೆ ಒಂದು ಚೀಟಿ ಪಿನ್ನು ಮಾಡಿತ್ತು. “ಕೊಡು, ಓದಿ ಹೇಳ್ತೀನಿ,” ಎಂದು ತೊಟ್ಟಿಯ ಹೆಂಗಸು ಕೈಚಾಚಿದಳು. ನಾನು ಕೊಡಲಿಲ್ಲ. ಗೋಡೆಯ ಕಡೆ ತಿರುಗಿ ಒಂದೊಂದೇ ಅಕ್ಷರ ಕೂಡಿಸಿದೆ.

‘ಸುಟ್ಟವಳು ನಾನು. ತಪ್ಪಾಯಿತು. ಇಸ್ತ್ರಿ ಮೇಜು.’

ಯಾರ ನೆರವೂ ಇಲ್ಲದೆ ನಾನು ಪೂರ್ತಿ ಓದಿದ ಮೊದಲ ಬರಹ ಅದು. ಅಳು ಒತ್ತರಿಸಿ ಬಂತು, ಸಿಟ್ಟು ಇಳಿಯಲಿಲ್ಲ. ಇಷ್ಟು ದಿನ ಅವಳ ಪಕ್ಕ ನಿಂತು ಆ ಚೀಟಿಗಳನ್ನು ಮೆಚ್ಚಿಕೊಂಡಿದ್ದೆ. ಸುಟ್ಟ ಕೋಟನ್ನು ಕೈಯಲ್ಲಿ ಹಿಡಿದವರು ಚೀಟಿ ಓದಿ ಏನು ಮಾಡಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಚೀಟಿಯನ್ನು ಮಡಚಿ ಊಟದ ಚೀಲದೊಳಗೆ ಇಟ್ಟುಕೊಂಡೆ. ಏಪ್ರನ್ ಕಟ್ಟಿಕೊಂಡು ತೊಟ್ಟಿಯ ಕಡೆ ನಡೆದೆ. ಇಸ್ತ್ರಿ ಮೇಜಿನತ್ತ ತಿರುಗಿ ನೋಡಲಿಲ್ಲ.