ಐದು ಕಂಡಿಕೆಯ ಹೊತ್ತು

ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ಗಡಿಯಾರವಿದ್ದ ಮನೆ ಒಂದೂ ಇರದಿದ್ದ ಕಾಲ ಅದು. ಹೊತ್ತನ್ನು ಮಗ್ಗವೇ ಹೇಳುತ್ತಿತ್ತು. ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆಗಳನ್ನು ರಾಟಿಯಲ್ಲಿ ಸುತ್ತುವುದು ನನ್ನ ಕೆಲಸ. ನೀವೂ ರಾಟಿಯ ಮುಂದೆ ಕೂತು ಬೆಳೆದವರಾದರೆ ನೂಲಿನ ಗಂಜಿಯ ವಾಸನೆ ಮರೆತಿರಲಿಕ್ಕಿಲ್ಲ. ನನಗೆ ಅದರ ಜೊತೆ ಹುಳಿಹಾಲಿನ ವಾಸನೆಯೂ ನೆನಪಾಗುತ್ತದೆ.

ಶಾಲೆಗೆ ಬೇಸಿಗೆ ರಜೆಯಿತ್ತು; ನನಗಾಗ ಹತ್ತು ವರ್ಷ, ತಮ್ಮ ಬಸುವಿಗೆ ಮೂರು ತಿಂಗಳು. ಕುಡಿದ ಹಾಲೆಲ್ಲ ಬಾಯಿಂದ, ಮೂಗಿನಿಂದ ಹೊರಗೆ ಬರುತ್ತಿತ್ತು. ಬೆನ್ನು ಸೆಟೆಸಿಕೊಂಡು ಕಿರುಚುತ್ತಿದ್ದ. ಅವ್ವ ಕೂತಲ್ಲೇ ತೂಕಡಿಸುತ್ತಿದ್ದಳು, ಮಗ್ಗದ ಕುಣಿಯಲ್ಲಿ ಕೂತ ಅಪ್ಪ ಎಳೆ ತಪ್ಪಿಸುತ್ತಿದ್ದ. ಅಜ್ಜಿ ಮಾತ್ರ ಮಂಗಳವಾರಕ್ಕೆ ಕಾಯುತ್ತಿದ್ದಳು.

ಮಂಗಳವಾರ ಹುನಗುಂದದ ಕಡೆಯಿಂದ ಬರೆ ಹಾಕುವ ಮುದುಕಿ ಬರುತ್ತಿದ್ದಳು. ವಾಂತಿ ಮಾಡುವ ಕೂಸುಗಳ ಹೊಟ್ಟೆಗೆ ಕಾಸಿದ ಕಬ್ಬಿಣದ ಕಡ್ಡಿ ಮುಟ್ಟಿಸುವುದು ಅವಳ ಕಸುಬು. ಅಜ್ಜಿ ಕರೆದಳು. ಮುದುಕಿ ಬಸುವಿನ ಅಂಗಿ ಸರಿಸಿ, ಬೆರಳಿನಿಂದ ಹೊಟ್ಟೆ ಮುಟ್ಟಿ ನೋಡಿ, "ಎಳೇ ಚರ್ಮ, ಜಲ್ದಿ ಮಾಯ್ತೈತಿ" ಎಂದು ನಕ್ಕಳು.

ಅವ್ವ ಅಂದು ಮೊದಲ ಸಲ ಅಜ್ಜಿಗೆ ಎದುರಾಡಿದಳು. "ಬ್ಯಾಡ್ರಿ ಅತ್ತಿ. ಒಂದ ವಾರ ತಡೀರಿ. ದವಾಖಾನಿಗೆ ತೋರಿಸ್ತೇನಿ."

"ಬರೂ ಮಂಗಳವಾರದ ತನಕ ಅಷ್ಟ. ಆಮ್ಯಾಲ ನಿನ್ನ ಮಾತು ಕೇಳಂಗಿಲ್ಲ" ಎಂದಳು ಅಜ್ಜಿ.

ಶುಕ್ರವಾರ ಅವ್ವ ಬಸುವನ್ನು ದವಾಖಾನಿಗೆ ಒಯ್ದಳು. ಡಾಕ್ಟರು ಔಷಧ ಕೊಡಲಿಲ್ಲ. "ಕುಡದ ಹಾಲು ಹುಳಿಯಾಗಿ ಮ್ಯಾಲ ಬರಾಕ್ಹತ್ತೈತಿ. ಕುಡಿಸಿದ ಮ್ಯಾಲ ಅರ್ಧಾ ತಾಸು ಹೆಗಲ ಮ್ಯಾಲ ನೆಟ್ಟಗ ಹಿಡೀರಿ. ಕೂಸು ಕುಂಡ್ರಾಕ ಕಲಿತರ ತಾನ ಕಮ್ಮಿ ಆಕ್ಕೈತಿ" ಎಂದರು.

ಗಡಿಯಾರವಿಲ್ಲದ ಮನೆಯಲ್ಲಿ ಅರ್ಧ ತಾಸು ಎಂದರೆ ಎಷ್ಟು? ಬಾಜೂ ಮನೆಯ ಹುಸೇನಬಿ ದಾರಿ ಹೇಳಿದಳು: ನಾನು ಐದು ಕಂಡಿಕೆ ಸುತ್ತುವ ಹೊತ್ತು. ಓಣಿಯ ಹೆಂಗಸರು ಪಾಳಿ ಹಚ್ಚಿಕೊಂಡರು. ಒಬ್ಬಳು ರೊಟ್ಟಿ ಬಡಿದು ಬಂದರೆ ಇನ್ನೊಬ್ಬಳು ಮುಸುರೆ ತಿಕ್ಕಿ ಬರುತ್ತಿದ್ದಳು. ಬಸು ಯಾರದೋ ಹೆಗಲ ಮೇಲೆ, ಅವ್ವ ಗೋಡೆಯ ಪಕ್ಕ ಗಾಢ ನಿದ್ದೆಯಲ್ಲಿ, ನಾನು ರಾಟಿಯ ಮುಂದೆ. "ನಮ್ಮ ಸಾವ್ಕಾರ್ರು ನಿಂತ ಉಣ್ತಾರ" ಎಂದು ಹುಸೇನಬಿ ಅವನ ಬೆನ್ನು ಸವರುತ್ತಿದ್ದಳು. "ಐದಾದ್ವು" ಎಂದು ನಾನು ಕೂಗಿದ ಮೇಲೆಯೇ ಅವನನ್ನು ಮಲಗಿಸುವುದು. ಶನಿವಾರ, ರವಿವಾರ, ಸೋಮವಾರ ಮೂಗಿನಿಂದ ಹಾಲು ಬರಲಿಲ್ಲ. ಅವ್ವನ ಮುಖಕ್ಕೆ ಕಳೆ ಬಂತು. ಅಜ್ಜಿ ಎಲೆಅಡಿಕೆ ಮಡಚುತ್ತ ದಿನ ಎಣಿಸುತ್ತಿದ್ದಳು.

ಮಂಗಳವಾರ ಮಧ್ಯಾಹ್ನ ಹೊರಗೆ ಗೆಳತಿಯರು ಗಜಗದ ಬೀಜ ತೂರಿ ಹಿಡಿಯುವ ಆಟ ಆಡುತ್ತಿದ್ದರು. ಆಟದಲ್ಲಿ ನನ್ನ ಪಾಳಿ ಹೋಗಿಬಿಡುತ್ತದೆಂದು ಮೈಯೆಲ್ಲ ತುರಿಸಿದಂತಾಗುತ್ತಿತ್ತು. ಎರಡು ಕಂಡಿಕೆ ಪೂರ್ತಿ ಸುತ್ತಿದೆ, ಮೂರನೆಯದನ್ನು ಅರ್ಧಕ್ಕೇ ಬಿಟ್ಟೆ.

"ಐದಾದ್ವು" ಎಂದೆ.

"ಇಷ್ಟ ಲಗೂನ ಆದ್ವಾ?" ಎಂದಳು ಹುಸೇನಬಿ.

"ಹೂಂ."

ಅವಳು ನಂಬಿ ಅವನನ್ನು ತೊಟ್ಟಿಲಿಗೆ ಹಾಕಿದಳು. ನಾನು ಹೊಸ್ತಿಲು ದಾಟಿರಲಿಲ್ಲ, ಹಿಂದೆ ಗೊರಕೆಯಂಥ ಸದ್ದು ಕೇಳಿತು. ಬಸುವಿನ ಬಾಯಿ ಮೂಗು ಎರಡೂ ಹಾಲಿನಿಂದ ಕಟ್ಟಿ ತುಟಿ ನೀಲಿಯಾಗಿತ್ತು. ಹುಸೇನಬಿ ಅವನನ್ನು ತೋಳಿನ ಮೇಲೆ ಬೋರಲು ಹಾಕಿ ಬೆನ್ನಿಗೆ ಬಡಿದಳು. ಮಗ್ಗ ನಿಂತಿತು. ಅವನು ಅಳುವತನಕ ಅವಳು ಬಡಿಯುವುದನ್ನು ಬಿಡಲಿಲ್ಲ.

ಅವ್ವ ನನ್ನ ರಟ್ಟೆ ಹಿಡಿದಳು. "ಖರೆ ಹೇಳು. ಐದೂ ಆಗಿದ್ವೇನ?"

"ಆಗಿದ್ವು ಯವ್ವಾ."

"ಕೇಳಿದೇನ?" ಎಂದಳು ಅಜ್ಜಿ. "ಹೆಗಲಿಗೆ ಹಾಕ್ಕೊಂಡರೂ ಬಂತು. ಇದು ಹಾಲಿಂದಲ್ಲ."

ಅದಕ್ಕೆ ಉತ್ತರ ನನ್ನ ಕಂಡಿಕೆಯ ಬುಟ್ಟಿಯಲ್ಲಿತ್ತು: ಎರಡೂವರೆ ಕಂಡಿಕೆ. ನಾನು ಅದರ ಮೇಲೆ ನೂಲಿನ ಲಡಿ ಎಳೆದು ಮುಚ್ಚಿದೆ. ಇಳಿಹೊತ್ತಿಗೆ ಮುದುಕಿ ಬಂದು ನಮ್ಮ ಒಲೆಯಲ್ಲೇ ಕಡ್ಡಿ ಕಾಸಿದಳು. ಅಪ್ಪ ಬಸುವಿನ ಕಾಲು ಹಿಡಿದ. ಆ ಕೂಗನ್ನು, ಆ ವಾಸನೆಯನ್ನು ಬರೆಯಲು ನನಗೆ ಈಗಲೂ ಧೈರ್ಯವಿಲ್ಲ.

ಬಸು ಕೂರಲು ಕಲಿತ, ಡಾಕ್ಟರು ಹೇಳಿದಂತೆ ವಾಂತಿ ತಾನಾಗಿ ನಿಂತಿತು. ಬರೆಯಿಂದಲೇ ವಾಸಿಯಾಯಿತೆಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಳು. ಆ ವರ್ಷ ನಮ್ಮ ಓಣಿಯ ಇನ್ನೂ ಎರಡು ಕೂಸುಗಳ ಹೊಟ್ಟೆಗೆ ಕಡ್ಡಿ ಮುಟ್ಟಿತು. ಹುಸೇನಬಿ ಮತ್ತೆ ಯಾರ ಕೂಸನ್ನೂ ಹೆಗಲಿಗೆ ಹಾಕಿಕೊಳ್ಳಲಿಲ್ಲ.

ಈಗ ಓಣಿಯಲ್ಲಿ ಕೈರಾಟಿ ಇಲ್ಲ. ಕರೆಯದೆ ಬಂದು ಬಾಣಂತಿಗೆ ನಿದ್ದೆ ಕೊಡುವ ಹೆಂಗಸರೂ ಇಲ್ಲ. ಅದಕ್ಕೆ ಎಲ್ಲರಂತೆ ನನಗೂ ಬೇಸರವಿದೆ. ಆದರೆ ನಾನು ಕಳೆದುಕೊಂಡದ್ದು ಅದಕ್ಕಿಂತ ದೊಡ್ಡದು. ಬರೆ ಹಾಕಿಸಿದ ಎರಡು ವರ್ಷದ ಮೇಲೆ ಅಜ್ಜಿ ನನ್ನ ಶಾಲೆ ಬಿಡಿಸಿದಳು. ನಾನು ಅವ್ವನ ಸೆರಗು ಹಿಡಿದು, "ನೀನರ ಹೇಳ ಯವ್ವಾ" ಎಂದು ಅತ್ತೆ.

ಅವ್ವ ತಲೆ ಎತ್ತಲಿಲ್ಲ. "ನನ್ನ ಮಾತಿಗೇನ್ ಕಿಮ್ಮತ್ತೈತಿ ಮಗಳ? ಬಸೂನ ಹೊತ್ತಿನ್ಯಾಗ ನಾ ಹೇಳಿದ್ದು ಸುಳ್ಳಾತಲ್ಲ."

ಆಗಲಾದರೂ ನಾನು ಹೇಳಬಹುದಿತ್ತು. ಹೇಳಲಿಲ್ಲ.